ಬೇಲಿ ಕಾಣದ ಆಕಾಶ: ಓದುಗರ ಪ್ರಶ್ನೆ, ಪೈಲಟ್ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಸೆಸ್ನಾದಂಥ ಚಿಕ್ಕ ವಿಮಾನ ಬಾಡಿಗೆಗೆ ತೆಗೆದುಕೊಂಡು ಹಾರುವವರು ಎಂಜಿನ್ ನಿಂತೀತು ಅಂತ ಹೆದರುವುದಕ್ಕಿಂತ, ಗೊತ್ತಿಲ್ಲದೆ ಹೋಗಬಾರದ ಜಾಗಕ್ಕೆ ನುಗ್ಗಿಬಿಟ್ಟೇನು ಅಂತ ಜಾಸ್ತಿ ಹೆದರುತ್ತಾರೆ ಅಂತ. ಅದನ್ನು ಹಿಡಿದುಕೊಂಡೇ ಈ ಸಲ ಇಷ್ಟೂ ಪ್ರಶ್ನೆ ಬಂದಿವೆ. ನಾನು ಹಾಸನದ ಕಡೆಯವನು, ಈಗ ಮೇರಿಲ್ಯಾಂಡ್‌ನಲ್ಲಿ ಹಾರಾಟ ಕಲಿಸುತ್ತೇನೆ. ಹಾಗಾಗಿ ಉತ್ತರಗಳಲ್ಲಿ ವಾಷಿಂಗ್ಟನ್ ಸುತ್ತಲಿನ ಆಕಾಶದ ಮಾತೇ ಜಾಸ್ತಿ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಚೆನ್ನಾಗಿ ಗೊತ್ತಿರುವ ಹೊಲ ಅದೇ.

ಪ್ರಶ್ನೆ: ಆರು ತಿಂಗಳ ಹಿಂದೆ ಪ್ರೈವೇಟ್ ಲೈಸೆನ್ಸ್ ಸಿಕ್ಕಿತು. ವರ್ಜೀನಿಯಾದ ರಿಚ್ಮಂಡ್‌ನಿಂದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ಗೆ ಹೆಂಡತಿ ಮಗಳನ್ನು ಕೂರಿಸಿಕೊಂಡು ಹೋಗುವ ಆಸೆ. ಮಧ್ಯದಲ್ಲಿ ವಾಷಿಂಗ್ಟನ್ ಇದೆ, ಅದರ ಸಹವಾಸವೇ ಬೇಡ ಅಂತ ಸ್ನೇಹಿತರು ಹೆದರಿಸುತ್ತಾರೆ. ಹೇಗೆ ಹೋಗಲಿ?
— ರಿಚ್ಮಂಡ್‌ನ ಓದುಗರು

ಉತ್ತರ: ಸಹವಾಸ ಬೇಡ ಅನ್ನುವಷ್ಟು ಕೆಟ್ಟದ್ದೇನಲ್ಲ. ಆದರೆ ಚಾರ್ಟ್ ಮೇಲೆ ನೀವು ಎಳೆಯುವ ನೇರ ಗೆರೆ ವಾಷಿಂಗ್ಟನ್ ಪಕ್ಕಕ್ಕೇ ತಾಗಿ ಹೋಗುತ್ತದೆ, ಹಾಗಾಗಿ ಆ ಗೆರೆ ಮರೆತುಬಿಡಿ.

ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದಲ್ಲಿ ಒಂದು ವಿಓಆರ್, ಅಂದರೆ ವಿಮಾನಗಳಿಗೆ ದಿಕ್ಕು ತೋರಿಸುವ ರೇಡಿಯೊ ಕೇಂದ್ರ ಇದೆ. ಅದನ್ನು ಮಧ್ಯಕ್ಕಿಟ್ಟು 30 ನಾಟಿಕಲ್ ಮೈಲಿ, ಅಂದರೆ ಸುಮಾರು 55 ಕಿಲೋಮೀಟರ್‌ ದೂರಕ್ಕೆ ಒಂದು ವೃತ್ತ ಎಳೆಯಿರಿ. ನೆಲದಿಂದ 18,000 ಅಡಿಯವರೆಗೆ ಅದರ ಒಳಗಿರುವುದೆಲ್ಲ ವಿಶೇಷ ನಿಯಮದ ಆಕಾಶ. ಇಲ್ಲಿಯವರು ಎಸ್‌ಎಫ್‌ಆರ್‌ಎ ಅನ್ನುತ್ತಾರೆ. ಅದರೊಳಗೆ ಸುಮಾರು 15 ಮೈಲಿಯ ಇನ್ನೊಂದು ಬಿಗಿ ವೃತ್ತ ಇದೆ, ಅದು ಎಫ್‌ಆರ್‌ಝಡ್. ಅಲ್ಲಿಗೆ ನಿಮ್ಮಂಥವರು, ನನ್ನಂಥವರು ಸುಮ್ನೆ ಹೋಗುವ ಹಾಗೇ ಇಲ್ಲ. ಅದಕ್ಕಿಂತ ಒಳಗೆ ವೈಟ್ ಹೌಸ್ ಮೇಲಿನ ನಿಷೇಧಿತ ಪ್ರದೇಶ ಪಿ-56 ಇದೆ, ಅದರ ಮಾತೇ ಬೇಡ.

ಹೊರಗಿನ ವೃತ್ತದೊಳಗೆ ಹೋಗಲು ಮೂರು ಬೇಕು: ಮೊದಲೇ ಸಲ್ಲಿಸಿದ ಎಸ್‌ಎಫ್‌ಆರ್‌ಎ ಫ್ಲೈಟ್ ಪ್ಲ್ಯಾನ್, ರೇಡಾರ್‌ಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ಗೆ ನಿಮಗೇ ಅಂತ ಕೊಟ್ಟ ಕೋಡ್, ಮತ್ತು ಇಲ್ಲಿನ ಆಕಾಶ ನೋಡಿಕೊಳ್ಳುವ ಕಂಟ್ರೋಲರ್‌ಗಳಾದ ಪೊಟೋಮ್ಯಾಕ್ ಅಪ್ರೋಚ್ ಜೊತೆ ರೇಡಿಯೊ ಮಾತು. ಮೂರೂ ಇರಬೇಕು, ಎರಡಿದ್ದರೆ ಸಾಲದು. ಎಷ್ಟೋ ಜನ ಪ್ಲ್ಯಾನ್ ಹಾಕುತ್ತಾರೆ, ರೇಡಿಯೊದಲ್ಲಿ ಮಾತೂ ಆಡುತ್ತಾರೆ, ಆದರೆ ಕೋಡ್ ಬದಲಾಯಿಸದೆ ಎಲ್ಲರೂ ಬಳಸುವ 1200ರಲ್ಲೇ ಒಳಗೆ ಬರುತ್ತಾರೆ. ರೇಡಾರ್ ಮುಂದೆ ಕೂತವರಿಗೆ ಅದು ಬಾಗಿಲು ತಟ್ಟದೆ ಅಡುಗೆಮನೆಗೇ ಬಂದ ಹಾಗೆ. ಇನ್ನೊಂದು ವಿಷಯ: ಈ ಪ್ಲ್ಯಾನ್ ಭದ್ರತೆಗಾಗಿ ಮಾತ್ರ. ನೀವು ತಲುಪದಿದ್ದರೆ ಹುಡುಕುವುದಕ್ಕೆ ಅಂತ ಇರುವ ಮಾಮೂಲಿ ಫ್ಲೈಟ್ ಪ್ಲ್ಯಾನ್ ಬೇರೆ, ಅದನ್ನು ಪ್ರತ್ಯೇಕವಾಗಿ ಹಾಕಬೇಕು.

ಸುತ್ತು ಹಾಕಿಕೊಂಡು ಹೋಗುತ್ತೇನೆ ಅಂದರೆ, ಜನ ಮೊದಲು ನೋಡುವುದು ಪೂರ್ವಕ್ಕೆ, ಚೆಸಪೀಕ್ ಕೊಲ್ಲಿಯ ಕಡೆ. ನೀರು, ಚಂದದ ನೋಟ, ಬೆಟ್ಟಗಳಿಲ್ಲ. ಆದರೆ ದೊಡ್ಡ ವೃತ್ತ ತಪ್ಪಿಸಲು ಹೋಗಿ ಜನ ಸಿಕ್ಕಿಬೀಳುವುದು ಅಲ್ಲೇ. ಪೊಟೋಮ್ಯಾಕ್ ನದಿಯ ಮೇಲೆ ಡಾಲ್ಗ್ರೆನ್‌ನಲ್ಲಿ ನೌಕಾಪಡೆ ಫಿರಂಗಿ ಪರೀಕ್ಷೆ ಮಾಡುವ ಜಾಗ ಇದೆ. ಮುಂದೆ ಪಟಕ್ಸೆಂಟ್ ರಿವರ್ ನೌಕಾ ನೆಲೆಯ ನಿರ್ಬಂಧಿತ ಪ್ರದೇಶಗಳು ಒಂದಕ್ಕೊಂದು ಅಂಟಿಕೊಂಡಿವೆ. ಇನ್ನೂ ಉತ್ತರಕ್ಕೆ ಅಬರ್ಡೀನ್‌ನ ಸೇನಾ ಪರೀಕ್ಷಾ ಪ್ರದೇಶ. ಇವು ಯಾವಾಗಲೂ ಚಾಲೂ ಇರಬೇಕೆಂದಿಲ್ಲ. ಸಮಯ, ಎತ್ತರ, ಯಾರನ್ನು ಕೇಳಬೇಕು ಅನ್ನುವುದೆಲ್ಲ ಚಾರ್ಟ್ ಅಂಚಿನ ಪಟ್ಟಿಯಲ್ಲಿ ಇದೆ. ಆ ಅಂಚನ್ನು ಓದುವವರೇ ಕಡಿಮೆ.

ನನ್ನ ಶಿಷ್ಯರಿಗೆ ನಾನು ಹೇಳುವುದು ಪಶ್ಚಿಮದ ದಾರಿ: ಕಲ್ಪೆಪರ್, ವಿಂಚೆಸ್ಟರ್, ಹೇಗರ್ಸ್‌ಟೌನ್, ಚೇಂಬರ್ಸ್‌ಬರ್ಗ್, ಆಮೇಲೆ ಬಲಕ್ಕೆ ಲ್ಯಾಂಕಾಸ್ಟರ್. ಬ್ಲೂ ರಿಡ್ಜ್ ಬೆಟ್ಟಸಾಲು ದಾಟಬೇಕು, ಹವಾಮಾನ ನೋಡಿಕೊಳ್ಳಿ. ಚೇಂಬರ್ಸ್‌ಬರ್ಗ್‌ವರೆಗೂ ಹೋಗಿ ತಿರುಗಿ ಅನ್ನುವುದಕ್ಕೆ ಕಾರಣ ಕ್ಯಾಂಪ್ ಡೇವಿಡ್, ಅಮೆರಿಕ ಅಧ್ಯಕ್ಷರ ವಿಶ್ರಾಂತಿ ತಾಣ. ಅಧ್ಯಕ್ಷರು ಅಲ್ಲಿಲ್ಲದಾಗ ಅದರ ಸುತ್ತ 3 ನಾಟಿಕಲ್ ಮೈಲಿಯ ಪಿ-40 ಇರುತ್ತದೆ. ಅವರು ವಾರಾಂತ್ಯಕ್ಕೆ ಬಂದರೆ ನಿಷೇಧ 10 ಮೈಲಿಗೆ ಹಿಗ್ಗುತ್ತದೆ. ಶುಕ್ರವಾರ ಬೆಳಿಗ್ಗೆ ಮಾಡಿದ ಪ್ಲ್ಯಾನ್ ಶನಿವಾರಕ್ಕೆ ಕೆಲಸಕ್ಕೆ ಬರದೆ ಹೋಗುವುದು ಹೀಗೆ. ಫ್ರೆಡರಿಕ್ ನಿಲ್ದಾಣ ನೋಡಿ, ಅದು ದೊಡ್ಡ ವೃತ್ತದ ಅಂಚಿನ ಹೊರಗೆ ಕೆಲವೇ ಮೈಲಿ ದೂರದಲ್ಲಿದೆ, ಉತ್ತರಕ್ಕೆ ಕ್ಯಾಂಪ್ ಡೇವಿಡ್. ಅಂಥ ವಾರಾಂತ್ಯದಲ್ಲಿ ಅಲ್ಲಿಂದ ಹಾರುವುದು ಎರಡು ಗದ್ದೆಯ ನಡುವಿನ ಬದುವಿನ ಮೇಲೆ ನಡೆದ ಹಾಗೆ.

ಗೆರೆಯ ಪಕ್ಕದಲ್ಲೇ ಹಾರಬೇಡಿ. 30 ಅಂದರೆ ನಾನು 35 ಇಟ್ಟುಕೊಳ್ಳುತ್ತೇನೆ. ಇಂಗ್ಲೆಂಡಿನಲ್ಲಿ ಪೈಲಟ್‌ಗಳಿಗೆ ‘ಟೇಕ್ ಟೂ’ ಅಂತ ಹೇಳಿಕೊಡುತ್ತಾರೆ: ಗೆರೆಯಿಂದ ಪಕ್ಕಕ್ಕೆ 2 ನಾಟಿಕಲ್ ಮೈಲಿ, ಮೇಲೆ ಕೆಳಗೆ 200 ಅಡಿ ಬಿಡಿ ಅಂತ. ವಾಷಿಂಗ್ಟನ್‌ಗೆ ನನಗೆ ಅದು ಕಮ್ಮಿ ಅನ್ನಿಸುತ್ತದೆ. ಎರಡನೇ ರೇಡಿಯೊದಲ್ಲಿ ರೇಗನ್ ವಿಓಆರ್ ಹಾಕಿಕೊಂಡು, ಡಿಎಂಇ ತೋರಿಸುವ ದೂರದ ಮೇಲೆ ಒಂದು ಕಣ್ಣಿಟ್ಟಿರಿ. ನಕ್ಷೆ ನೋಡಿ ಲೆಕ್ಕ ಹಾಕುವ ಗೋಜೇ ಬೇಡ, 35ಕ್ಕಿಂತ ಕೆಳಗಿಳಿದರೆ ತಿರುಗಿಸಿ ಅಷ್ಟೇ. ಅದರ ಜೊತೆಗೆ, ಹೊರಗೇ ಹೋಗುತ್ತಿದ್ದರೂ ಪೊಟೋಮ್ಯಾಕ್‌ನವರನ್ನು ಕರೆದು ಫ್ಲೈಟ್ ಫಾಲೋಯಿಂಗ್, ಅಂದರೆ ರೇಡಾರ್‌ನಲ್ಲಿ ನಿಮ್ಮ ಮೇಲೆ ಕಣ್ಣಿಟ್ಟಿರಿ ಅಂತ ಕೇಳಿ. ಅವರಿಗೆ ಪುರುಸೊತ್ತಿದ್ದರೆ ಕೊಡುತ್ತಾರೆ. ಕೊಟ್ಟರೂ ಹೊಣೆ ನಿಮ್ಮದೇ, ಆದರೆ ಕಿವಿಯ ಹತ್ತಿರ ಒಬ್ಬರು ಇರುವುದು ದೊಡ್ಡ ಧೈರ್ಯ.

ಅಂದ ಹಾಗೆ, ಆ ವಿಓಆರ್‌ನಿಂದ 60 ನಾಟಿಕಲ್ ಮೈಲಿಯೊಳಗೆ ಕಣ್ಣಳತೆಯಲ್ಲಿ, ಅಂದರೆ ವಿಎಫ್‌ಆರ್‌ನಲ್ಲಿ ಹಾರುವ ಪ್ರತಿಯೊಬ್ಬ ಪೈಲಟ್ ಒಂದು ಪಾಠ ಮುಗಿಸಿರಲೇಬೇಕು. 2009ರಿಂದ ಇದು ಕಾನೂನು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ತಾಣದಲ್ಲಿ ಪುಕ್ಕಟೆ ಇದೆ. ಒಂದು ಸಂಜೆ ಕೂತರೆ ಮುಗಿಯುತ್ತದೆ, ಪ್ರಮಾಣಪತ್ರ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಹವ್ಯಾಸಕ್ಕೆ ವಿಮಾನ ಹಾರಿಸುತ್ತಾನೆ. ಚಿಕ್ಕ ವಿಮಾನವೊಂದನ್ನು ಯುದ್ಧವಿಮಾನಗಳು ಸುತ್ತುವರಿದ ಸುದ್ದಿಯನ್ನು ಟಿವಿಯಲ್ಲಿ ನೋಡಿದಾಗಿನಿಂದ ನಿದ್ದೆ ಬರುತ್ತಿಲ್ಲ. ದಾರಿ ತಪ್ಪಿದರೆ ಹೊಡೆದೇ ಬಿಡುತ್ತಾರಾ?
— ಮೈಸೂರಿನ ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲು ಒಂದು ನಡೆದ ಕಥೆ ಹೇಳುತ್ತೇನೆ, ಅದು ಚೆನ್ನಾಗಿಯೇ ಮುಗಿಯುತ್ತದೆ. 2005ರ ಮೇ 11ರಂದು ಪೆನ್ಸಿಲ್ವೇನಿಯಾದ ಸ್ಮೋಕ್‌ಟೌನ್ ಅನ್ನುವ ಪುಟ್ಟ ನಿಲ್ದಾಣದಿಂದ ಇಬ್ಬರು ಒಂದು ಸೆಸ್ನಾ 150 ಹತ್ತಿ ನಾರ್ತ್ ಕ್ಯಾರೊಲಿನಾ ಕಡೆ ಹೊರಟರು. ಒಬ್ಬರು ಲೈಸೆನ್ಸ್ ಇದ್ದ ಹಿರಿಯರು, ಇನ್ನೊಬ್ಬರು ಕಲಿಯುತ್ತಿದ್ದವರು. ದಾರಿ ತಪ್ಪಿ, ವಾಷಿಂಗ್ಟನ್‌ನ ಕಾವಲು ಆಕಾಶದೊಳಗೆ ನೇರ ಬಂದುಬಿಟ್ಟರು. ವೈಟ್ ಹೌಸ್ ಮತ್ತು ಕ್ಯಾಪಿಟಲ್‌ನಿಂದ ಜನರನ್ನು ಓಡಿಸಿ ಖಾಲಿ ಮಾಡಿಸಬೇಕಾಯಿತು. ವಿಮಾನ ವೈಟ್ ಹೌಸ್‌ಗೆ ಸುಮಾರು 3 ಮೈಲಿ ಹತ್ತಿರ ಬಂದಿತ್ತು. ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಬಂತು, ಎಫ್-16ಗಳು ಬಂದು ಬೆಂಕಿಯ ಫ್ಲೇರ್ ಹಾರಿಸಿದವು. ಕೊನೆಗೆ ಫ್ರೆಡರಿಕ್‌ನಲ್ಲಿ ಇಳಿಸಿದರು. ಹೊರಡುವ ಮುಂಚೆ ಹವಾಮಾನ ನೋಡಿರಲಿಲ್ಲ, ನೋಟಮ್ ಅನ್ನುವ ಎಚ್ಚರಿಕೆ ಸೂಚನೆಗಳನ್ನು ನೋಡಿರಲಿಲ್ಲ ಅಂತ ಎಫ್‌ಎಎ ಆ ಹಿರಿಯರ ಲೈಸೆನ್ಸ್ ಕಿತ್ತುಕೊಂಡಿತು. ಇಬ್ಬರೂ ಮನೆಗೆ ಹೋದರು.

ಅಂದರೆ ಹೊಡೆಯುವುದು ಕೊಟ್ಟಕೊನೆಯ ಮಾತು, ಅದಕ್ಕೆ ಮುಂಚೆ ತುಂಬ ಮೆಟ್ಟಿಲುಗಳಿವೆ. ವಾಷಿಂಗ್ಟನ್‌ನಲ್ಲಿ ನೆಲದಿಂದ ಕೆಂಪು, ಕೆಂಪು, ಹಸಿರು ಅಂತ ಮಿನುಗುವ ಬೆಳಕು ಬಿಡುತ್ತಾರೆ. ಅದು ಕಂಡರೆ ನಗರದ ನಡುವಿನಿಂದ ದೂರ ತಿರುಗಿ, ರೇಡಿಯೊದಲ್ಲಿ ಕರೆಯಬೇಕು. ಯುದ್ಧವಿಮಾನವೇ ಬಂದರೆ ಅದು ಎಡಗಡೆ, ಸ್ವಲ್ಪ ಮೇಲೆ, ಮುಂದೆ ಕಾಣಿಸಿಕೊಂಡು ರೆಕ್ಕೆ ಅಲ್ಲಾಡಿಸುತ್ತದೆ. ‘ನನ್ನ ಹಿಂದೆ ಬಾ’ ಅಂತ ಅರ್ಥ. ನಿಮ್ಮ ಮಗನೂ ರೆಕ್ಕೆ ಅಲ್ಲಾಡಿಸಿ ಹಿಂದೆ ಹೋಗಬೇಕು. ರೇಡಿಯೊವನ್ನು ತುರ್ತು ಚಾನೆಲ್ 121.5ಕ್ಕೆ ಹಾಕಿ ತಾನು ಯಾರು, ಎಲ್ಲಿದ್ದೇನೆ ಅಂತ ಹೇಳಬೇಕು. ಬೇರೆ ಏನೂ ಹೇಳಿರದಿದ್ದರೆ ಟ್ರಾನ್ಸ್‌ಪಾಂಡರ್‌ಗೆ ತುರ್ತು ಕೋಡ್ 7700. ಆ ವಿಮಾನ ಥಟ್ಟನೆ ಮೇಲೇರಿ ಪಕ್ಕಕ್ಕೆ ತಿರುಗಿ ಹೋಯಿತು ಅಂದರೆ ‘ಸರಿ, ನಿನ್ನ ದಾರಿ ನೋಡಿಕೋ’ ಅಂತ. ಗಾಬರಿಯಲ್ಲಿ ಓಡಲು ನೋಡುವುದು, ಮೋಡದೊಳಗೆ ನುಗ್ಗುವುದು, ಇವು ಮಾತ್ರ ಬೇಡ.

ಫೋನ್ ಮಾಡಿದಾಗ ಮಗನನ್ನು ಒಂದೇ ಪ್ರಶ್ನೆ ಕೇಳಿ: ‘ಖಾಲಿ ಇರುವ ರೇಡಿಯೊದಲ್ಲಿ 121.5 ಹಾಕಿಕೊಂಡಿರ್ತೀಯೇನೋ?’ ಅವನು ಬೆಚ್ಚಿಬೀಳುತ್ತಾನೆ, ಅಮ್ಮನಿಗೆ ಇದು ಹೇಗೆ ಗೊತ್ತು ಅಂತ.

ಪ್ರಶ್ನೆ: ಟ್ಯಾಬ್ಲೆಟ್‌ನಲ್ಲಿ ಆ್ಯಪ್ ಇದೆ, ಎಲ್ಲ ನಿಷೇಧಿತ ಜಾಗವೂ ಬಣ್ಣದಲ್ಲಿ ಕಾಣುತ್ತದೆ. ಇನ್ನೂ ನೋಟಮ್ ಓದಿ, ಫೋನ್ ಮಾಡಿ ಅಂತ ಹಳೇ ಕಾಲದವರ ಥರ ಹೇಳುತ್ತೀರಲ್ಲ?
— ಡಲ್ಲಾಸ್‌ನ ಓದುಗರು

ಉತ್ತರ: ಹಳೇ ಕಾಲದವನೇ, ಒಪ್ಪಿದೆ. ಆ್ಯಪ್ ನಾನೂ ಬಳಸುತ್ತೇನೆ, ಅದಿಲ್ಲದ ಕಾಲಕ್ಕೆ ವಾಪಸ್ ಹೋಗು ಅಂದರೆ ಹೋಗಲ್ಲ. ಆದರೆ ನಿಮ್ಮೂರಿನದೇ ಉದಾಹರಣೆ ಹೇಳುತ್ತೇನೆ.

ಆರ್ಲಿಂಗ್ಟನ್‌ನಲ್ಲಿ ಬೇಸ್‌ಬಾಲ್ ಮತ್ತು ಫುಟ್‌ಬಾಲ್ ಸ್ಟೇಡಿಯಂಗಳು ಅಕ್ಕಪಕ್ಕದಲ್ಲಿವೆ. 30,000 ಮೇಲ್ಪಟ್ಟು ಆಸನಗಳಿರುವ ಸ್ಟೇಡಿಯಂನಲ್ಲಿ ದೊಡ್ಡ ಲೀಗ್ ಆಟ ಇದ್ದರೆ, ಆಟಕ್ಕೆ ಒಂದು ಗಂಟೆ ಮುಂಚಿನಿಂದ ಮುಗಿದು ಒಂದು ಗಂಟೆಯವರೆಗೆ ಸುತ್ತ 3 ನಾಟಿಕಲ್ ಮೈಲಿ, ಮೇಲೆ 3,000 ಅಡಿ ನಿಷೇಧ. ಆದರೆ ಯಾವತ್ತು ಆಟ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಆ ನೋಟಮ್‌ನಲ್ಲಿ ಬರೆದಿರುವುದಿಲ್ಲ. ಆಟ ಎಕ್ಸ್‌ಟ್ರಾ ಇನ್ನಿಂಗ್ಸ್‌ಗೆ ಹೋದರೆ ನಿಷೇಧವೂ ಮುಂದಕ್ಕೆ ಹೋಗುತ್ತದೆ. ಹಾರುವ ಮುಂಚೆ ಕ್ರೀಡಾಪುಟ ನೋಡುವ ಅಭ್ಯಾಸ ನನಗೆ ಬಂದದ್ದು ಹೀಗೆ, ಬೇಸ್‌ಬಾಲ್ ನನಗೆ ಈಗಲೂ ಅರ್ಥ ಆಗಿಲ್ಲ.

ಇನ್ನು ತಾತ್ಕಾಲಿಕ ನಿಷೇಧ, ಟಿಎಫ್‌ಆರ್. ಅಧ್ಯಕ್ಷರು ಬಂದರೆ ಸಾಮಾನ್ಯವಾಗಿ ಒಳಗೆ 10, ಹೊರಗೆ 30 ನಾಟಿಕಲ್ ಮೈಲಿಯ ಎರಡು ವೃತ್ತ. ಹೊರವೃತ್ತದಲ್ಲಿ ಪ್ಲ್ಯಾನ್, ಕೋಡ್, ರೇಡಿಯೊ ಇದ್ದರೆ ಹಾದುಹೋಗಬಹುದು, ಆದರೆ ಅಲ್ಲೇ ಸುತ್ತು ಹೊಡೆಯುತ್ತಾ ಅಭ್ಯಾಸ ಮಾಡುವ ಹಾಗಿಲ್ಲ. ಇವುಗಳ ವೇಳೆ ಬರುವುದು ಯುಟಿಸಿ, ಅಂದರೆ ಗ್ರೀನ್‌ವಿಚ್ ಗಡಿಯಾರದಲ್ಲಿ. 14ನೇ ತಾರೀಖು 23:30ರಿಂದ 15ನೇ ತಾರೀಖು 02:00 ಅಂತ ಇದೆ ಅನ್ನಿ. ಬೇಸಿಗೆಯಲ್ಲಿ ಡಲ್ಲಾಸ್‌ನವರಿಗೆ ಅದು 14ರ ಸಂಜೆ ಆರೂವರೆಯಿಂದ ರಾತ್ರಿ ಒಂಬತ್ತು. 15 ಅನ್ನುವ ಅಂಕಿ ನೋಡಿ ‘ಓ, ನಾಳೆಯದು’ ಅಂದುಕೊಂಡು ಹೊರಟವರು ಎಷ್ಟು ಜನ! ಭಾರತಕ್ಕೆ ಫೋನ್ ಮಾಡುವಾಗ ಗಂಟೆ ಲೆಕ್ಕ ಹಾಕಿ ರೂಢಿ ಇರುವ ನಾವೂ ಇಲ್ಲಿ ಎಡವುತ್ತೇವೆ, ಯಾಕೆಂದರೆ ಇದು ಆ ಕಡೆಯ ಲೆಕ್ಕ ಅಲ್ಲ.

ಆ್ಯಪ್ ತೋರಿಸುವುದು ನೀವು ಕೊನೇ ಸಲ ಡೌನ್‌ಲೋಡ್ ಮಾಡಿದಾಗ ಏನಿತ್ತೋ ಅದನ್ನು. ಹಾರುವಾಗ ಎಡಿಎಸ್-ಬಿ ಅನ್ನುವ ರೇಡಿಯೊ ಪ್ರಸಾರದ ಮೂಲಕ ಬರುವ ನಿಷೇಧಗಳ ಚಿತ್ರ ಪೂರ್ತಿ ಇರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಟೆಕ್ಸಾಸ್ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲಿಟ್ಟ ಟ್ಯಾಬ್ಲೆಟ್ ಕಾದು ತನ್ನಷ್ಟಕ್ಕೇ ಆಫ್ ಆಗುತ್ತದೆ. ಅದಕ್ಕೇ ಹೊರಡುವ ಮುಂಚೆ ಹವಾಮಾನ, ನೋಟಮ್ ಓದಿ ಹೇಳುವ ಫ್ಲೈಟ್ ಸರ್ವಿಸ್‌ನವರ 1-800-992-7433ಕ್ಕೆ ಒಂದು ಫೋನ್, ಸೀಟಿನ ಪಕ್ಕ ಒಂದು ಕಾಗದದ ಚಾರ್ಟ್. ಚಾರ್ಟ್ 56 ದಿನಕ್ಕೊಮ್ಮೆ ಹೊಸದು ಬರುತ್ತದೆ, ಹಳೆಯದನ್ನು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಕೊಡಿ.

ಪ್ರಶ್ನೆ: ಜಕ್ಕೂರಿನಲ್ಲಿ ಕಲಿಯುತ್ತಿದ್ದೇನೆ, ಮುಂದೆ ಅಮೆರಿಕಕ್ಕೆ ಹೋಗಿ ಗಂಟೆಗಳನ್ನು ಪೂರೈಸುವ ಯೋಚನೆ. ನಮ್ಮಲ್ಲಿಗೂ ಅಲ್ಲಿಗೂ ಏನು ವ್ಯತ್ಯಾಸ?
— ಬೆಂಗಳೂರಿನ ವಿದ್ಯಾರ್ಥಿನಿ

ಉತ್ತರ: ನೀವು ಕಲಿಯುತ್ತಿರುವುದೇ ಇಕ್ಕಟ್ಟಿನ ಜಾಗದಲ್ಲಿ. ಜಕ್ಕೂರಿನಿಂದ ಉತ್ತರಕ್ಕೆ ಆರೇಳು ಕಿಲೋಮೀಟರ್ ಹೋದರೆ ಯಲಹಂಕ ವಾಯುನೆಲೆ, ಅದರಾಚೆ ಕೆಂಪೇಗೌಡ ನಿಲ್ದಾಣ. ಏರೋ ಇಂಡಿಯಾ ಬಂತೆಂದರೆ ದೊಡ್ಡ ವಿಮಾನಗಳೇ ಗಂಟೆಗಟ್ಟಲೆ ಕಾಯುತ್ತವೆ. ಭಾರತದಲ್ಲಿ ಬೇಲಿ ಕಾಯುವ ಕೆಲಸದ ಒಂದು ಪಾಲು ವ್ಯವಸ್ಥೆಯೇ ಮಾಡುತ್ತದೆ: ಹೊರಊರಿಗೆ ಹಾರಬೇಕಾದರೆ ಹಾರಾಟ ಮಾಹಿತಿ ಕೇಂದ್ರ ಕೊಡುವ ಎಫ್‌ಐಸಿ ನಂಬರ್, ವಾಯುರಕ್ಷಣೆಯವರು ಕೊಡುವ ಎಡಿಸಿ ನಂಬರ್ ತೆಗೆದುಕೊಳ್ಳಬೇಕು. ಅಮೆರಿಕದಲ್ಲಿ ಬಹಳಷ್ಟು ಕಡೆ ಕೀಲಿ ತಿರುಗಿಸಿ, ಯಾರಿಗೂ ಹೇಳದೆ ಹೊರಡಬಹುದು. ಆ ಸ್ವಾತಂತ್ರ್ಯ ಚೆನ್ನಾಗಿದೆ, ಆದರೆ ‘ಎಲ್ಲಮ್ಮಾ ಹೊರಟೆ?’ ಅಂತ ಕೇಳುವವರು ಇರುವುದಿಲ್ಲ.

ಭಾರತದ ಎಐಪಿ ಅನ್ನುವ ಸರ್ಕಾರಿ ವಿಮಾನಯಾನ ಕೈಪಿಡಿಯಲ್ಲಿ ನಿಷೇಧಿತ, ನಿರ್ಬಂಧಿತ, ಅಪಾಯಕಾರಿ ಅಂತ ಮೂರು ಬಗೆಯ ಪ್ರದೇಶಗಳ ಪಟ್ಟಿ ಇದೆ, ಇಎನ್‌ಆರ್ 5.1 ಭಾಗದಲ್ಲಿ. ಹೆಸರಿನ ಮೊದಲೆರಡು ಅಕ್ಷರ ವಲಯದ್ದು, ಮೂರನೆಯದು ಬಗೆ. ನಮ್ಮ ದಕ್ಷಿಣಕ್ಕೆ ವಿಓ, ದೆಹಲಿ ಕಡೆಗೆ ವಿಐ. ರಾಷ್ಟ್ರಪತಿ ಭವನದ ಮೇಲಿನ ನಿಷೇಧಿತ ಪ್ರದೇಶ ವಿಐಪಿ-89. ವಿಐಪಿ ಅಂತ ಬೇಕೆಂದೇ ಇಟ್ಟದ್ದಲ್ಲ, ವಿಐ ವಲಯ, ಪಿ ಅಂದರೆ ಪ್ರೊಹಿಬಿಟೆಡ್. ತಾನಾಗಿಯೇ ಕೂಡಿಬಂದದ್ದು!

ಈಗ ಯಾರೂ ಹೇಳದ ಒಂದು ವಿಷಯ. ಬೆಂಗಳೂರಿನಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಪರೀಕ್ಷೆಗೆ ಓದುತ್ತೇವೆ, ಹಾರುವಾಗ ಮರೆತರೂ ನಡೆಯುತ್ತದೆ. ವಾಷಿಂಗ್ಟನ್ ಕಡೆ ಅದು ಸುಮಾರು 10 ಡಿಗ್ರಿ. ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಹೋಗುತ್ತೀರಿ ಅನ್ನುವ ಲೆಕ್ಕ ಗೊತ್ತಲ್ವಾ? ಹತ್ತು ಡಿಗ್ರಿ ಮರೆತರೆ 60 ಮೈಲಿಗೆ ಹತ್ತು ಮೈಲಿ. ನಿರ್ಬಂಧಿತ ಪ್ರದೇಶದ ಅಂಚಿನಲ್ಲಲ್ಲ, ನಟ್ಟನಡುವೆ ಇರುತ್ತೀರಿ. ಭಾರತದಿಂದ ಬಂದ ಹುಡುಗರಲ್ಲಿ ಈ ತಪ್ಪನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎತ್ತರ ತೋರಿಸುವ ಅಲ್ಟಿಮೀಟರ್‌ಗೆ ಹಾಕುವ ಗಾಳಿಯ ಒತ್ತಡವೂ ಅಮೆರಿಕದಲ್ಲಿ ಹೆಕ್ಟೊಪಾಸ್ಕಲ್ ಅಲ್ಲ, ಇಂಚು. 0.30 ಇಂಚು ತಪ್ಪಾಗಿ ಇಟ್ಟರೆ 300 ಅಡಿ ತಪ್ಪು. ತಲೆ ಮೇಲೆ ದೊಡ್ಡ ನಿಲ್ದಾಣದ ಆಕಾಶದ ಚಾವಣಿ ಇರುವಾಗ ಅಷ್ಟು ಸಾಕು.

ಪ್ರಶ್ನೆ: ಒಬ್ಬ ಹುಡುಗ ಚಿಕ್ಕ ವಿಮಾನದಲ್ಲಿ ಮಾಸ್ಕೋಗೆ ಹೋಗಿ ಇಳಿದಿದ್ದನಂತೆ, ನಿಜವಾ? ಅವನೂ ದಾರಿ ತಪ್ಪಿದ್ದನಾ?
— ಶಿವಮೊಗ್ಗದ ಎಂಟನೇ ಕ್ಲಾಸಿನ ಓದುಗ

ಉತ್ತರ: ನಿಜ ಕಣಪ್ಪ. ಮತಿಯಾಸ್ ರಸ್ಟ್ ಅಂತ, ಪಶ್ಚಿಮ ಜರ್ಮನಿಯವನು, 18 ವರ್ಷ. 1987ರ ಮೇ 28ರಂದು ಹೆಲ್ಸಿಂಕಿಯಿಂದ ಬಾಡಿಗೆ ಸೆಸ್ನಾ 172ರಲ್ಲಿ ಹೊರಟು ರೆಡ್ ಸ್ಕ್ವೇರ್ ಪಕ್ಕದ ಸೇತುವೆ ಮೇಲೆ ಇಳಿದ. ಸೋವಿಯತ್ ರಕ್ಷಣಾ ಮಂತ್ರಿಯ ಕುರ್ಚಿಯೇ ಹೋಯಿತು. ಅವನು ದಾರಿ ತಪ್ಪಿರಲಿಲ್ಲ, ಬೇಕೆಂದೇ ಹೋದದ್ದು. ಒಂದು ವರ್ಷದ ಮೇಲೆ ಜೈಲಿನಲ್ಲಿದ್ದ. ನೀನು ಮೊದಲು ಎಸ್‌ಎಸ್‌ಎಲ್‌ಸಿ ಮುಗಿಸು.

ಪ್ರಶ್ನೆ: ಹೆಸರು ಹಾಕಬೇಡಿ. ಹೋದ ತಿಂಗಳು ಒಂದು ನಿರ್ಬಂಧಿತ ಪ್ರದೇಶದ ಮೂಲೆ ಕತ್ತರಿಸಿಕೊಂಡು ಹೋದೆ ಅಂತ ಅನುಮಾನ. ರೇಡಿಯೊದಲ್ಲಿ ಕೇಳೋಣ ಅನ್ನಿಸಿತು, ಆದರೆ ನನ್ನ ಇಂಗ್ಲಿಷ್ ಉಚ್ಚಾರ ಕೇಳಿ ನಗುತ್ತಾರೇನೋ ಅಂತ ಸುಮ್ಮನಾದೆ. ಈಗ ಏನು ಮಾಡಲಿ?
— ಅಮೆರಿಕದಿಂದ ಒಬ್ಬರು

ಉತ್ತರ: ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ, ಯಾಕೆಂದರೆ ಇದು ನನ್ನದೇ ಕಥೆ. ಲೈಸೆನ್ಸ್ ಬಂದ ಎರಡನೇ ವರ್ಷ. ಒಂದು ಸಂಜೆ ಸಮುದ್ರದ ಕಡೆಯಿಂದ ವಾಪಸ್ ಬರುತ್ತಿದ್ದೆ, ಮಬ್ಬು, ಸೂರ್ಯ ನೇರ ಕಣ್ಣಿಗೆ. ವಿಮಾನದ ದಿಕ್ಕು ತೋರಿಸುವ ಹೆಡಿಂಗ್ ಇಂಡಿಕೇಟರನ್ನು ಹದಿನೈದು ನಿಮಿಷಕ್ಕೊಮ್ಮೆ ದಿಕ್ಸೂಚಿ ನೋಡಿ ಸರಿಪಡಿಸಬೇಕು, ನಾನು ಒಂದು ಗಂಟೆ ಮುಟ್ಟಿರಲಿಲ್ಲ. ಡಿಎಂಇ ನೋಡಿದರೆ 34, ಆಮೇಲೆ 33, ಇಳಿಯುತ್ತಲೇ ಇದೆ. ನದಿ ಅಂದುಕೊಂಡದ್ದು ಬೇರೆ ನದಿ. ರೇಡಿಯೊ ಗುಂಡಿ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಾ ಕೂತೆ. ವ್ಯಾಕರಣ ಸರಿ ಇರಬೇಕು, ದನಿ ನಡುಗಬಾರದು ಅಂತ. ಎರಡು ನಿಮಿಷ ಹೋಯಿತು. ಸೆಸ್ನಾ ಎರಡು ನಿಮಿಷಕ್ಕೆ ಮೂರೂವರೆ ಮೈಲಿ ಹೋಗುತ್ತದೆ.

ಕೊನೆಗೆ ಹೇಳಿದ್ದು ಮೂರೇ ಪದ: ‘ಅನ್‌ಶೂರ್ ಆಫ್ ಪೊಸಿಷನ್.’ ಆ ಕಡೆಯ ಹೆಂಗಸು ನಗಲಿಲ್ಲ. ಒಂದು ಕೋಡ್ ಕೊಟ್ಟರು, ಗುರುತು ಹಿಡಿದರು, ತಕ್ಷಣ ಬಲಕ್ಕೆ ತಿರುಗಿಸಿ ಅಂದರು. ಗೆರೆ ಇನ್ನು ಅರ್ಧ ಮೈಲಿ ಇತ್ತು.

ಚಾರ್ಟ್ ಓದಲು ಬಾರದೆ ಒಳಗೆ ಹೋದವರಿಗಿಂತ ಕೇಳಲು ನಾಚಿ ಹೋದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ನಮ್ಮವರಲ್ಲಂತೂ ಇನ್ನೂ ಜಾಸ್ತಿ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಕಾಣದಿದ್ದರೆ ಪಕ್ಕದವರನ್ನು ಕೇಳುತ್ತೇವೆ, ಆಕಾಶದಲ್ಲಿ ಕೇಳಲ್ಲ.

ಈಗ ನಿಮ್ಮ ವಿಷಯ. ನಾಸಾ ನಡೆಸುವ ಎಎಸ್‌ಆರ್‌ಎಸ್ ಅನ್ನುವ ವರದಿ ವ್ಯವಸ್ಥೆ ಇದೆ. ಘಟನೆಯಾಗಿ 10 ದಿನದೊಳಗೆ ಬರೆದು ಕಳಿಸಿದ್ದರೆ, ಬೇಕೆಂದು ಮಾಡಿದ ತಪ್ಪಲ್ಲದಿದ್ದರೆ, ಹಿಂದಿನ ಐದು ವರ್ಷದಲ್ಲಿ ನಿಮ್ಮ ಮೇಲೆ ತಪ್ಪು ಸಾಬೀತಾಗಿರದಿದ್ದರೆ, ಎಫ್‌ಎಎ ಸಾಮಾನ್ಯವಾಗಿ ಶಿಕ್ಷೆ ಹಾಕುವುದಿಲ್ಲ. ದಾಖಲೆಯಲ್ಲಿ ತಪ್ಪು ಉಳಿಯುತ್ತದೆ, ಲೈಸೆನ್ಸ್ ಅಮಾನತು ತಪ್ಪುತ್ತದೆ. ನಿಮಗೆ ಆ ಹತ್ತು ದಿನ ದಾಟಿದೆ. ಆದರೂ ಕಳಿಸಿ, ಶಿಕ್ಷೆಯ ರಿಯಾಯಿತಿ ಸಿಗದಿದ್ದರೂ ಆ ಮೂಲೆಯಲ್ಲಿ ಜನ ಯಾಕೆ ಎಡವುತ್ತಾರೆ ಅನ್ನುವುದಕ್ಕೆ ಒಂದು ಸಾಕ್ಷಿ ಆಗುತ್ತದೆ. ಎಫ್‌ಎಎಯಿಂದ ಪತ್ರವೋ ಫೋನೋ ಬಂದರೆ ಉತ್ತರಿಸುವ ಮುಂಚೆ ವಿಮಾನಯಾನ ಗೊತ್ತಿರುವ ವಕೀಲರ ಹತ್ತಿರ ಒಂದು ಮಾತು ಆಡಿ. ಜಿಪಿಎಸ್‌ನಲ್ಲಿ ಆ ದಿನದ ಹಾದಿ ಉಳಿದಿದ್ದರೆ ಅಳಿಸಬೇಡಿ.

ಮತ್ತೆ ಈ ಶನಿವಾರ ಹವಾ ಚೆನ್ನಾಗಿದ್ದರೆ, ಹತ್ತಿರದ ಅಪ್ರೋಚ್‌ನವರನ್ನು ಕರೆದು ಅರ್ಧ ಗಂಟೆ ಫ್ಲೈಟ್ ಫಾಲೋಯಿಂಗ್ ಕೇಳಿ, ಯಾವ ಊರಿಗೂ ಹೋಗಬೇಕಾಗಿಲ್ಲ. ಉಚ್ಚಾರ ಹಾಗೇ ಇರಲಿ. ನನ್ನದು ಇಪ್ಪತ್ತು ವರ್ಷದ ಮೇಲೂ ಹಾಸನದ್ದೇ, ಇಲ್ಲಿನ ಕಂಟ್ರೋಲರ್‌ಗಳು ನನ್ನ ವಿಮಾನದ ನಂಬರ್ ಹೇಳುವ ಮುಂಚೆಯೇ ದನಿಯಲ್ಲಿ ಗುರುತು ಹಿಡಿಯುತ್ತಾರೆ.